ಮೂರನೇ ಚರಣಕ್ಕೆ ಜಾಗ

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಬ್ಬ ಹೆಂಗಸಿನ ಚಪ್ಪಾಳೆಗಳಿವೆ. ಒಂದೊಂದು ಫೈಲಿನಲ್ಲಿ ಒಂದೇ ಒಂದು ಚಪ್ಪಾಳೆ, ಅದರ ಹಿಂದೆ ಹಾಡು. ಯಾರನ್ನೋ ಮೆಚ್ಚಿ ಹೊಡೆದದ್ದಲ್ಲ. ಅವಳು ಇದ್ದದ್ದು ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ, ನಾನು ನಾನೂರು ಕಿಲೋಮೀಟರ್ ಆಚೆ ಶ್ವೀಬರ್ಡಿಂಗೆನ್ ಎಂಬ ಸಣ್ಣ ಊರಿನಲ್ಲಿ. ಫೋನಿನಲ್ಲಿ ಜೊತೆಯಾಗಿ ಹಾಡೋಣವೆಂದರೆ ಒಬ್ಬರ ದನಿ ಇನ್ನೊಬ್ಬರನ್ನು ತಲುಪುವಷ್ಟರಲ್ಲಿ ತಾಳ ತಪ್ಪಿರುತ್ತದೆ. ಹಾಗಾಗಿ ಇಬ್ಬರೂ ಬೇರೆ ಬೇರೆ ರೆಕಾರ್ಡ್ ಮಾಡುತ್ತಿದ್ದೆವು. ತಾಳದ ನಾಲ್ಕನೇ ಏಟಿಗೆ ಒಂದು ಚಪ್ಪಾಳೆ, ಆಮೇಲೆ ಹಾಡು. ಎರಡು ಚಪ್ಪಾಳೆಗಳನ್ನು ಒಂದರ ಮೇಲೊಂದು ಕೂರಿಸಿದರೆ ಎರಡು ದನಿಗಳೂ ಜೊತೆಗೂಡುತ್ತವೆ. ಕೂರಿಸುವ ಕೆಲಸ ನನ್ನದಾಗಿತ್ತು.

ನಾವು ಸಿಕ್ಕಿದ್ದು ಯುಗಾದಿಯಂದು. ಕನ್ನಡ ಬಳಗದವರು ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ನಾನು ಕಾರಿನ ಎಲೆಕ್ಟ್ರಾನಿಕ್ಸ್ ಕೆಲಸದವನು ಎಂಬ ಒಂದೇ ಕಾರಣಕ್ಕೆ ಸೌಂಡ್ ಸಿಸ್ಟಮ್ಮನ್ನು ನನ್ನ ತಲೆಗೆ ಕಟ್ಟಿದ್ದರು. ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷಿಸುವವನಿಗೆ ಮೈಕ್ ಏನು ಮಹಾ ಎಂದುಕೊಂಡಿರಬೇಕು. ಹಸಿರು ಸೀರೆಯ ಒಬ್ಬಳು ಹಾಡಲು ನಿಂತಳು, ಮೈಕು ಕಿರುಚಿತು. ಅವಳು ವೇದಿಕೆ ಇಳಿದು ನೇರ ನನ್ನ ಮೇಜಿಗೆ ಬಂದಳು.

"ಏನ್ರೀ, ಇದು ಮೈಕಾ, ಕುಕ್ಕರ್ರಾ?"

"ಕುಕ್ಕರ್ ಆಗಿದ್ರ ಇಷ್ಟೊತ್ತಿಗೆ ಅನ್ನಾನರ ಆಗ್ತಿತ್ರೀ," ಅಂದೆ.

ನಕ್ಕಳು. ಮೈಸೂರಿನವಳು, ಡ್ಯೂಸೆಲ್ಡಾರ್ಫ್‌ನ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ರಾಗ ಕಟ್ಟುವ ಹುಚ್ಚು ಇದೆ ಎಂಬುದೆಲ್ಲ ಹೋಳಿಗೆಯ ಸಾಲಿನಲ್ಲಿ ನಿಂತಾಗ ಗೊತ್ತಾಯಿತು. ನಾನು ಸಾಲು ಗೀಚುತ್ತೇನೆ ಎಂದು ನಾನೂ ಬಾಯಿಬಿಟ್ಟೆ. ನವೆಂಬರಿನ ರಾಜ್ಯೋತ್ಸವಕ್ಕೆ ಬಳಗದವರಿಗೆ ಒಂದು ಹೊಸ ಹಾಡು ಬೇಕಿತ್ತು. ನಾಡು, ನುಡಿ, ಕಾವೇರಿ ಎಂದೆಲ್ಲ ಬರುತ್ತದೆಂದು ಅವರು ಕಾದಿದ್ದರು. ನಾವು ಕಟ್ಟಿದ್ದು ಮನಸ್ಸು ಮುರಿದು ಊರು ಬಿಟ್ಟು ಓಡುವವರ ಹಾಡು.

ಓಡಿ ಬಂದದ್ದರಲ್ಲಿ ನಮಗಿಬ್ಬರಿಗೂ ಅನುಭವವಿತ್ತು. ಹುಬ್ಬಳ್ಳಿಯಲ್ಲಿ ನಾನು ಐದು ವರ್ಷ ಒಬ್ಬಳನ್ನು ಇಷ್ಟಪಟ್ಟಿದ್ದೆ. ಅವಳ ಮನೆಯವರು ಬೇರೆ ಕಡೆ ಗಟ್ಟಿ ಮಾಡಿದರು. ಆ ಲಗ್ನಕ್ಕೂ ಹೋಗಿದ್ದೆ. ಯಾರಿಗೂ ಅನುಮಾನ ಬರಬಾರದೆಂದು ಪಂಕ್ತಿಯಲ್ಲಿ ಎರಡನೇ ಸಲ ಬೂಂದಿ ಹಾಕಿಸಿಕೊಂಡು ತಿಂದೆ. ಜರ್ಮನಿಗೆ ಯಾರು ಹೋಗುತ್ತೀರಿ ಎಂದು ಕಂಪನಿಯಲ್ಲಿ ಕೇಳಿದಾಗ ಮೊದಲು ಕೈ ಎತ್ತಿದವನು ನಾನೇ. ಈ ದೇಶದಲ್ಲಿ ಓಡಿ ಬಂದವನೂ ಎರಡು ವಾರದೊಳಗೆ ರಾಟ್‌ಹೌಸ್‌ಗೆ, ಅಂದರೆ ಊರಿನ ಪುರಸಭೆಗೆ ಹೋಗಿ ಆನ್‌ಮೆಲ್ಡುಂಗ್ ಮಾಡಿಸಬೇಕು, ಇಂಥ ಬೀದಿಯ ಇಂಥ ಮನೆಯಲ್ಲಿದ್ದೇನೆಂದು ಬರೆದುಕೊಡಬೇಕು. ಕದ್ದು ಓಡುವ ಸುಖವೂ ಇಲ್ಲ. ಇದನ್ನು ಹೇಳಿದಾಗ ಅವಳು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದಳು.

ಅವಳು ಮೊದಲು ರಾಗವನ್ನು ಬರೀ ಗುನುಗಿ ಕಳಿಸುತ್ತಿದ್ದಳು. ಚಪ್ಪಾಳೆ, ಆಮೇಲೆ ಮಾತಿಲ್ಲದ ಗುನುಗು. ಗುನುಗು ಬಂತೆಂದರೆ ಅದಕ್ಕೆ ಮಾತು ತುಂಬುವುದು ನನ್ನ ಪಾಳಿ. ಅದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ನಾನು ಮಾತು ತುಂಬಿ, ನನ್ನ ಭಾಗ ಹಾಡಿ, ಇಬ್ಬರೂ ಹಂಚಿಕೊಂಡಿದ್ದ ಫೋಲ್ಡರಿಗೆ ಹಾಕುತ್ತಿದ್ದೆ. "ನಿನ್ನ ಬೀದಿ ಇಲ್ಲದ ಊರ ಹುಡುಕಿ ಬಂದೆ" ಎಂದು ಗಂಡಿನ ಚರಣ. "ಇಲ್ಲಿಯ ತಿರುವಿನಲ್ಲೂ ನೀನೇ ನಿಂತಿದ್ದೆ" ಎಂದು ಹೆಣ್ಣಿನದು. ತಾಳ ಮಾತ್ರ ಕಾಲು ಕುಣಿಯುವಂಥದ್ದು. ಬಳಗದ ಹಿರಿಯ ಆಂಟಿಯೊಬ್ಬರು ಕೇಳಿ, "ಹಬ್ಬದ ದಿನ ಅಳೋ ಹಾಡೇನ್ರಪ್ಪಾ?" ಎಂದು ಮುಖ ಸಿಂಡರಿಸಿದರು. ಅವರ ಕಾಲು ಮಾತ್ರ ಮೇಜಿನ ಕೆಳಗೆ ತಾಳ ಹಾಕುತ್ತಿತ್ತು. ನಾನು ನೋಡಿದೆ.

ಏಳು ತಿಂಗಳಲ್ಲಿ ನಾವು ಎದುರಾಬದುರು ಕೂತದ್ದು ಬೆರಳೆಣಿಕೆಯಷ್ಟು ಸಲ. ಆದರೆ ಅವಳು ಬೀರುವಿನೊಳಗೆ ಕೋಟುಗಳ ನಡುವೆ ಕೂತು ಹಾಡಿದ ದನಿಯನ್ನು ನಾನು ದಿನಾ ಕಿವಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಬಾಯಿಪಾಠವಾಗಿತ್ತು. ಎದುರಿಗೆ ಮಾತ್ರ ಕೊನೆಯವರೆಗೂ ನೀವು, ರೀ. ಏಕವಚನವೆಲ್ಲ ಮನಸ್ಸಿನೊಳಗೆ, ಈಗ ಈ ಬರಹದೊಳಗೆ.

ಜುಲೈನ ಒಂದು ಭಾನುವಾರ ಅವಳೇ ನನ್ನೂರಿಗೆ ಬಂದಳು. ರೈಲು ಮುಕ್ಕಾಲು ಗಂಟೆ ತಡ. ಕೆಲವು ಸಾಲುಗಳನ್ನು ಒಟ್ಟಿಗೇ ಹಾಡಬೇಕೆಂದು ಅವಳ ಹಟ. ಆದರೆ ಇಲ್ಲಿ ಭಾನುವಾರವೆಂದರೆ ಸದ್ದು ಮಾಡುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವಂತಿಲ್ಲ. ನಮ್ಮ ಮೆಟ್ಟಿಲಿನ ಗೋಡೆಗೆ ಹೌಸ್‌ಓರ್ಡ್ನುಂಗ್ ಎಂಬ ನಿಯಮಗಳ ಪಟ್ಟಿ ಅಂಟಿಸಿಟ್ಟಿದ್ದಾರೆ, ಕೆಳಗಿನ ಮನೆಯ ಅಜ್ಜಿಗೆ ಅದು ಬಾಯಿಪಾಠ. ಕೊನೆಗೆ ಚಳಿಗಾಲದ ಎರಡು ರಜಾಯಿ ಹೊತ್ತುಕೊಂಡು, ಬಾಗಿಲು ಹಾಕಿದ್ದ ಸೂಪರ್‌ಮಾರ್ಕೆಟ್ಟಿನ ಖಾಲಿ ಪಾರ್ಕಿಂಗಿಗೆ ಹೋದೆವು. ಕಾರಿನ ಗಾಜುಗಳಿಗೆ ರಜಾಯಿ ಮುಚ್ಚಿ, ಒಳಗೆ ಕೂತು ಹಾಡಿದೆವು. ಬೇಸಿಗೆಯ ಮಧ್ಯಾಹ್ನ. ಇಬ್ಬರೂ ಬೆವರಿ ತೊಪ್ಪೆಯಾದೆವು. ಒಂದೇ ಮೈಕಿನಲ್ಲಿ ಹಾಡುವಾಗ ಚಪ್ಪಾಳೆಯ ಅಗತ್ಯವೇ ಇಲ್ಲ. ಆದರೂ ಅವಳು ಹೊಡೆದಳು. ಅಭ್ಯಾಸ.

ನಡುವೆ ನೀರು ಕುಡಿಯುತ್ತ ಅವಳು ತನ್ನ ಕತೆ ಹೇಳಿದಳು. ಬೆಂಗಳೂರಿನಲ್ಲಿ ಮೂರು ವರ್ಷದ ಮದುವೆ, ಆಮೇಲೆ ಕೋರ್ಟು. "ಸೈನ್ ಮಾಡಿ ಬಂದ ವಾರವೇ ಇಲ್ಲಿಗೆ ಅಪ್ಲೈ ಮಾಡ್ದೆ. ಅವ್ನಿಗಿಂತ ಆ ಅಪಾರ್ಟ್‌ಮೆಂಟಿನ ಲಿಫ್ಟ್ ಕಂಡ್ರೆ ಭಯ ಆಗ್ತಿತ್ತು ನಂಗೆ. ಎಲ್ರೂ ಅದ್ರಲ್ಲೇ ಸಿಕ್ಕಿ ಪಾಪ ಅನ್ನೋರು," ಅಂದಳು. ನಾನು ಗಾಜಿನ ರಜಾಯಿ ಸರಿ ಮಾಡಿದೆ.

ಸ್ಟೇಷನ್ನಿನಲ್ಲಿ ರೈಲು ಬರುವ ಹೊತ್ತಿಗೆ ಕೇಳಿದಳು: "ಹಾಡು ಮುಗಿದ್ಮೇಲೆ ಏನ್ ಮಾಡ್ತೀರಿ?"

"ಮಿಕ್ಸಿಂಗ್ ಐತಲ್ರೀ," ಅಂದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಕ್ಕು, "ಸರಿ, ಸಾಹೇಬ್ರೇ," ಎಂದು ಹತ್ತಿದಳು. ರೈಲು ಹೋದ ಮೇಲೆ ನಾನು ಕಾರಿನಲ್ಲೇ ಕೂತು, ಡ್ಯಾಶ್‌ಬೋರ್ಡಿನಲ್ಲಿದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದೆ. ಹಾಡಿಗೆ ಮೂರನೇ ಚರಣ. ಅದರಲ್ಲಿ ಎರಡು ಸಾಲು ಹೀಗಿದ್ದವು:

ಓಡಿದ್ದು ಸಾಕು, ಚಪ್ಪಲಿ ಬಿಡು ಇಲ್ಲೇ,
ಎರಡು ಲೋಟ ಇಟ್ಟಿರುವೆ, ಚಹಾ ಕುದಿಯುತಿದೆ.

ಬರೆದು, ನೋಟ್‌ಬುಕ್ ಮುಚ್ಚಿಟ್ಟೆ. ಅವಳಿಗೆ ತೋರಿಸಲಿಲ್ಲ. ಒಮ್ಮೆ ಬೂಂದಿ ತಿಂದು ಬಂದವನಿಗೆ ಇನ್ನೊಮ್ಮೆ ಆ ಪಂಕ್ತಿಯಲ್ಲಿ ಕೂರುವ ಧೈರ್ಯ ಇರಲಿಲ್ಲ, ಅಷ್ಟೇ.

ನಮ್ಮ ಕೆಲಸದಲ್ಲಿ ಫ್ರೀಜ್ ಎಂಬ ಒಂದು ದಿನವಿದೆ. ಆ ದಿನ ಕಳೆದ ಮೇಲೆ ಸಾಫ್ಟ್‌ವೇರಿನಲ್ಲಿ ಯಾರೂ ಒಂದು ಚುಕ್ಕೆಯನ್ನೂ ಮುಟ್ಟಕೂಡದು. ಬ್ರೇಕಿನ ವಿಷಯ, ಒಂದು ಚುಕ್ಕೆ ಹೆಚ್ಚುಕಮ್ಮಿಯಾದರೂ ಯಾರದೋ ಜೀವಕ್ಕೆ ಕುತ್ತು ಬರುತ್ತದೆ. ಹಾಡಿಗೂ ಅದೇ ಶಿಸ್ತು ತಂದೆ. ಬಳಗದವರು ನಾಲ್ಕು ನಿಮಿಷ ಕೊಟ್ಟಿದ್ದರು. ಸೆಪ್ಟೆಂಬರಿನ ಕೊನೆಯ ಶುಕ್ರವಾರ ಎಲ್ಲ ಮುಗಿಸಿ, ಫೋಲ್ಡರಿಗೆ ಹಾಕಿ, ಹಾಡು ಫ್ರೀಜ್ ಎಂದು ಅವಳಿಗೆ ಬರೆದೆ. ಭಾನುವಾರ ಅವಳ ಫೋನ್ ಬಂತು.

"ಇನ್ನೊಂದು ಚರಣಕ್ಕೆ ಜಾಗ ಇದ್ಯಾ?"

"ಇಲ್ರೀ. ನಾಕು ನಿಮಿಷ ತುಂಬ್ಯಾವ. ಹಾಡು ಫ್ರೀಜ್ ಆಗೇತಿ."

"ಏನೂ ಮಾಡಕ್ಕಾಗಲ್ವಾ?"

"ಮುಂದಿನ ವರ್ಷದ ವರ್ಷನ್‌ನ್ಯಾಗ ನೋಡೂಣ್ರೀ," ಅಂದೆ. ತಮಾಷೆ ಎಂದುಕೊಂಡಿದ್ದೆ.

"ಸರಿ ಬಿಡಿ, ಸಾಹೇಬ್ರೇ," ಅಂದಳು. ಫೋನ್ ಇಟ್ಟ ಮೇಲೆ ನನ್ನ ಶಿಸ್ತಿನ ಬಗ್ಗೆ ನನಗೇ ಹೆಮ್ಮೆಯಾಯಿತು. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ರಾಜ್ಯೋತ್ಸವದಲ್ಲಿ ಹಾಡು ಗೆದ್ದಿತು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಮಕ್ಕಳೆಲ್ಲ ಎದ್ದು ಕುಣಿದರು. ಮುಖ ಸಿಂಡರಿಸಿದ್ದ ಆಂಟಿಯೇ "ಇನ್ನೊಂದ್ಸಲ" ಎಂದು ಕೂಗಿದರು. ನಾವಿಬ್ಬರೂ ಒಂದೇ ವೇದಿಕೆಯಲ್ಲಿ, ಎರಡು ಮೈಕಿನಲ್ಲಿ ನಿಂತು, ನಗುನಗುತ್ತ ಓಡಿಹೋಗುವ ಹಾಡು ಹಾಡಿದೆವು.

ಇಳಿದು ಬಂದು ವೈರು ಸುತ್ತುತ್ತಿದ್ದಾಗ ಅವಳು ಹತ್ತಿರ ಬಂದಳು. "ಡಿಸೆಂಬರಲ್ಲಿ ಸಿಂಗಾಪುರಕ್ಕೆ ಹೋಗ್ತಿದೀನಿ. ಕಂಪನೀಲಿ ಯಾರು ಹೋಗ್ತೀರಾ ಅಂದ್ರು. ಕೈ ಎತ್ತಿದೆ."

"ಯಾವಾಗ ಕೇಳಿದ್ರು?"

"ಸೆಪ್ಟೆಂಬರ್ ಕೊನೇ ವಾರದಲ್ಲೇ. ಯೋಚ್ನೆ ಮಾಡಕ್ಕೆ ಒಂದು ವಾರ ಟೈಮ್ ತೊಗೊಂಡಿದ್ದೆ."

ನಾನು ಕಂಗ್ರಾಚುಲೇಷನ್ಸ್ ಅಂದೆ. ಊರು ಬಿಡುವಾಗ ರಾಟ್‌ಹೌಸ್‌ನಲ್ಲಿ ಹೆಸರು ತೆಗೆಸುವ ಆಬ್‌ಮೆಲ್ಡುಂಗ್ ಹೇಗೆ ಮಾಡಿಸುವುದು, ಮನೆಗೆ ಎಷ್ಟು ತಿಂಗಳು ಮೊದಲು ನೋಟಿಸ್ ಕೊಡಬೇಕು ಎಂದು ವಿವರವಾಗಿ ತಿಳಿಸಿಕೊಟ್ಟೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

ಫೆಬ್ರವರಿಯಲ್ಲಿ ಬಳಗದವರು ಹಾಡನ್ನು ಇಂಟರ್ನೆಟ್ಟಿಗೆ ಹಾಕಬೇಕೆಂದು ಮೂಲ ಫೈಲು ಕೇಳಿದರು. ಫ್ರೀಜ್ ಆದ ಮೇಲೆ ನಾನು ಆ ಫೋಲ್ಡರ್ ತೆರೆದಿರಲಿಲ್ಲ. ಮುಟ್ಟಕೂಡದಲ್ಲ. ನೋಡಿದರೆ ಎಲ್ಲಕ್ಕಿಂತ ಕೆಳಗೆ ಅವಳ ಒಂದು ಫೈಲು, ಸೆಪ್ಟೆಂಬರಿನ ಆ ಭಾನುವಾರದ್ದೇ. ಸಮಯ ನೋಡಿದೆ. ಫೋನ್ ಮಾಡುವ ಹತ್ತು ನಿಮಿಷ ಮೊದಲು ಹಾಕಿದ್ದಳು.

ಕೇಳಿದೆ. ಒಂದು ಚಪ್ಪಾಳೆ. ಆಮೇಲೆ ಗುನುಗು. ಮಾತಿಲ್ಲ. ಹಾಡಿನ ಉಳಿದ ಚರಣಗಳೆಲ್ಲ ಮೇಲಕ್ಕೆ ಓಡುತ್ತವೆ. ಇದೊಂದು ಮಾತ್ರ ನಿಧಾನವಾಗಿ ಕೆಳಗಿಳಿದು, ಕೊನೆಗೆ ಷಡ್ಜದ ಮೇಲೆ ಬಂದು ಕೂರುತ್ತಿತ್ತು. ಕೂತು, ಅಲ್ಲೇ ಉಳಿಯುತ್ತಿತ್ತು. ಮಾತು ತುಂಬುವುದು ನನ್ನ ಪಾಳಿಯಾಗಿತ್ತು. ಒಂದು ವಾರ ಟೈಮ್ ತೆಗೆದುಕೊಂಡದ್ದು ಯಾಕೆ ಎಂದು ನನಗೆ ಆಗ, ಆ ಕುರ್ಚಿಯಲ್ಲಿ ಕೂತಾಗ, ತಿಳಿಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಕಾರಿನಿಂದ ನೋಟ್‌ಬುಕ್ ತಂದು ಆ ನಾಲ್ಕು ಸಾಲುಗಳನ್ನು ಅವಳ ಗುನುಗಿನ ಮೇಲೆ ಹೇಳಿ ನೋಡಿದೆ. ಒಂದೆರಡು ಅಕ್ಷರ ಹೆಚ್ಚಾಯಿತು, ಅಷ್ಟೇ. ಅವತ್ತು ಭಾನುವಾರ. ಮತ್ತೆ ಅದೇ ಪಾರ್ಕಿಂಗಿಗೆ ಹೋಗಿ, ಗಾಜಿಗೆ ರಜಾಯಿ ಮುಚ್ಚಿ, ಚಳಿಗೆ ನಡುಗುತ್ತ ಹಾಡಿದೆ. ಮೊದಲು ಒಂದು ಚಪ್ಪಾಳೆ ಹೊಡೆದೆ. ಮನೆಗೆ ಬಂದು ಅವಳ ಚಪ್ಪಾಳೆಯ ಮೇಲೆ ನನ್ನದನ್ನು ಕೂರಿಸಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಎರಡು ದನಿಗಳು ಒಟ್ಟಿಗೆ ಇಳಿದು ಬಂದು ಷಡ್ಜದಲ್ಲಿ ಕೂತವು. ಅತ್ತುಬಿಟ್ಟೆ. ಅಳಲು ನಾಚಿಕೆಯೇನೂ ಆಗಲಿಲ್ಲ.

ಫೈಲನ್ನು ಫೋಲ್ಡರಿಗೆ ಹಾಕಿ ಅವಳಿಗೆ ಬರೆದೆ: "ಮೂರನೇ ಚರಣಕ್ಕೆ ಜಾಗ ಇತ್ತು. ನಾನು ನೋಡಿರಲಿಲ್ಲ."

ಎರಡು ದಿನ ಉತ್ತರವಿಲ್ಲ. ಬ್ರೇಕಿನ ಪರೀಕ್ಷೆಯ ನಡುವೆ ಹತ್ತು ಸಲ ಫೋನ್ ತೆಗೆದು ನೋಡಿದೆ. ಮೂರನೆಯ ದಿನ ಊಟದ ಹೊತ್ತಿಗೆ ಬಂತು.

"ತುಂಬಾ ಚೆನ್ನಾಗಿದೆ. ಎರಡು ಸಲ ಕೇಳಿದೆ. ಆದ್ರೆ ಹಾಡು ಫ್ರೀಜ್ ಆಗಿದೆ ಅಲ್ವಾ, ಸಾಹೇಬ್ರೇ?"

ಯಾವಾಗಲೂ ಕೊನೆಯಲ್ಲಿ ಹಾಕುತ್ತಿದ್ದ ನಗುಮುಖ ಇರಲಿಲ್ಲ. ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತುಕೊಂಡೇ, "ಹೌದ್ರೀ" ಎಂದು ಬರೆದು ಕಳಿಸಿದೆ.