ವೇಷಗಾರರ ಕೂಟದಲ್ಲಿ ಪುನರ್ಪುಳಿ ರಾಜಿ

ಮುಟ್ಟಿದವನು ಸಂಜೆಯವರೆಗೂ ಸಭಾಂಗಣದಲ್ಲಿ ಉಳಿದ. ಮುಟ್ಟಿಸಿಕೊಂಡವಳು ವೇಷ ಕಳಚಿ ಕಡಬದ ಬಸ್ಸು ಹತ್ತಿದಳು. ಕಳೆದ ವರ್ಷ ಪುತ್ತೂರಿನ ಕಾಸ್‌ಪ್ಲೇ ಕೂಟದಲ್ಲಿ, ಕಾಮಿಕ್ಸ್ ಪಾತ್ರಗಳ ವೇಷ ತೊಟ್ಟ ಅಭಿಮಾನಿಗಳ ನಡುವೆ, ಫೋಟೋದ ನೆಪದಲ್ಲಿ ಒಬ್ಬ ನನ್ನ ಅಕ್ಕನ ಮಗಳು ಶ್ರಾವ್ಯಳ ಸೊಂಟ ಹಿಡಿದಿದ್ದ. ಈ ವರ್ಷ ಸಂಘಟಕರು ಕಿರುಕುಳ ತಡೆಯುವ ನಿಯಮಾವಳಿ ಪ್ರಕಟಿಸಿದರು. "ಚಿಕ್ಕಮ್ಮ, ಮೊದಲ ದಿನ ನೀವು ಹೋಗಿ ನೋಡಿ. ಸರಿ ಉಂಟು ಅಂತ ಹೇಳಿದ್ರೆ ಮರುದಿನದ ಸ್ಪರ್ಧೆಗೆ ನಾನು ಬರ್ತೇನೆ" ಎಂದಳು ಶ್ರಾವ್ಯ.

ಬೆಳಿಗ್ಗೆ ಸುಳ್ಯದಲ್ಲಿ ಸರಕಾರಿ ಬಸ್ಸು ಹಿಡಿದೆ. ಆಧಾರ್ ತೋರಿಸಿದ್ದಕ್ಕೆ ಶೂನ್ಯ ದರದ ಟಿಕೆಟ್, ಕಿಟಕಿ ಬದಿಯ ಸೀಟು. ಜಾಲ್ಸೂರು ದಾಟುವಾಗ ಅಜ್ಜಾವರದ ನಮ್ಮ ಅಂಗಳ ನೆನಪಾಯಿತು. ನವರಾತ್ರಿಯಲ್ಲಿ ಅಲ್ಲಿಗೆ ಹರಕೆಯ ವೇಷಗಳು ಬರುತ್ತಿದ್ದವು: ಹುಲಿ, ಕರಡಿ, ರಟ್ಟಿನ ಟೋಪಿಯ ಪೊಲೀಸ್. ಕರಡಿಯ ರೋಮ ಸವರಲು ಕೈ ಚಾಚಿದರೆ ಅಜ್ಜಿ ಜಗಲಿಯಿಂದಲೇ ಗದರುತ್ತಿದ್ದರು: "ವೇಷವನ್ನು ಮುಟ್ಟುದಲ್ಲ, ನೋಡುದು!" ಆ ಶಿಸ್ತಿಗಾಗಿ ಮನಸ್ಸು ಇಂದಿಗೂ ಹಂಬಲಿಸುತ್ತದೆ. ಆದರೆ ಅಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ವೇಷ ಹಾಕಲು ಬಿಡುತ್ತಿರಲಿಲ್ಲ, ಅದೂ ಅನ್ಯಾಯವೇ.

ಪುತ್ತೂರಿನಲ್ಲಿ ಬನ್ಸ್ ತಿಂದು, ಸುಡುವ ಬಿಸಿಲಲ್ಲಿ ನಡೆದು ಸಭಾಂಗಣ ತಲುಪಿದೆ. ಬಾಗಿಲಲ್ಲೇ ದೊಡ್ಡ ಫಲಕ: ಒಪ್ಪಿಗೆ ಕೇಳದೆ ಫೋಟೋ ಇಲ್ಲ, ಸ್ಪರ್ಶ ಇಲ್ಲ. ಓದಿ ಸಂತೋಷವಾಯಿತು. ದೂರು ಕೇಳುವ ಮೇಜಿನಲ್ಲಿ ಸಂಘಟಕರಲ್ಲೊಬ್ಬನ ಸೋದರಮಾವ ಕುಳಿತಿದ್ದರು. ಎಲ್ಲರೂ ಅವರನ್ನು "ಮಾವ" ಎನ್ನುತ್ತಿದ್ದರು. ದೂರು ಬಂದರೆ ಏನು ಮಾಡುತ್ತೀರಿ ಎಂದು ವಿಚಾರಿಸಿದೆ.

"ಎಂತ ಮಾಡುದು ಮಾರಾಯ್ರೆ, ನಾವು ಪೊಲೀಸರಾ? ಇಬ್ಬರನ್ನೂ ಎದುರೆದುರು ಕೂರಿಸಿ ಒಂದೊಂದು ಗ್ಲಾಸ್ ಪುನರ್ಪುಳಿ ಜ್ಯೂಸ್ ಕೊಡುದು. ಕುಡಿದರೆ ರಾಜಿ. ನಾಳೆ ಮದುವೆ ಮನೆಯಲ್ಲಿ ಮುಖ ಮುಖ ನೋಡ್ಬೇಕಲ್ಲ?"

"ಕಳೆದ ವರ್ಷವೂ ಕೊಟ್ಟಿರಾ?"

"ಕೊಡದೆ? ಹುಡುಗ ಪೂರ್ತಿ ಕುಡಿದ. ಆ ಹುಡುಗಿ ಗ್ಲಾಸ್ ಮುಟ್ಟಲೇ ಇಲ್ಲ. ಸ್ವಲ್ಪ ಜಂಬ ಉಂಟು ಅವಳಿಗೆ."

"ಅವಳು ನನ್ನ ಅಕ್ಕನ ಮಗಳು."

ಮಾವ ಕನ್ನಡಕ ಸರಿಪಡಿಸಿಕೊಂಡರು. "ಹೌದಾ? ಮೊದಲೇ ಹೇಳ್ಬಾರ್ದಾ? ಕುಳಿತುಕೊಳ್ಳಿ, ಜ್ಯೂಸ್ ತರಿಸ್ತೇನೆ."

ಬೇಡವೆಂದೆ. ಆ ಹುಡುಗ ಈಗ ಎಲ್ಲಿದ್ದಾನೆ ಎಂದೆ.

"ಅಗೋ, ಫೋಟೋದ ಸಾಲು ನೋಡಿಕೊಳ್ಳುದು ಅವನೇ. ಜವಾಬ್ದಾರಿ ಕೊಟ್ರೆ ಸರಿ ಆಗ್ತಾರೆ."

ಇದನ್ನು ಶ್ರಾವ್ಯಳಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಸವಣೂರು, ಕಾಣಿಯೂರು ಮಾರ್ಗವಾಗಿ ಕಡಬಕ್ಕೆ ಹೊರಟೆ. ಹಿಂದೆ ಇದೇ ದಾರಿಯಲ್ಲಿ, ಪುಟ್ಟ ಶ್ರಾವ್ಯ ನನ್ನ ಮಡಿಲಲ್ಲಿ ಕುಳಿತು, ಬೈರಾಸು ಟವೆಲನ್ನು ಹೆಗಲಿಗೆ ಕಟ್ಟಿಸಿಕೊಂಡು, ಅದೇ ರೆಕ್ಕೆಯೆಂದು ಕಂಡಕ್ಟರರಿಗೆ ತೋರಿಸುತ್ತಿದ್ದಳು. "ಹಾರಿ ಬರುವವರಿಗೆ ಟಿಕೆಟ್ ಬೇಡ" ಎಂದು ಅವರು ನಗುತ್ತಿದ್ದರು.

ಮನೆಯಲ್ಲಿ ಫೋಮ್ ಶೀಟಿನ ನೀಲಿ ರೆಕ್ಕೆಗಳು ಗೋಡೆಗೊರಗಿದ್ದವು. ಅಂಟು ಇನ್ನೂ ಒಣಗಿರಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳಿದೆ. ಶ್ರಾವ್ಯ ರೆಕ್ಕೆಯ ಬಿಟ್ಟುಕೊಂಡ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಳು.

"ಹೋಗುದು ಬೇಡ ಅಂತ ನೀವು ಹೇಳ್ಬೇಡಿ ಚಿಕ್ಕಮ್ಮ. ಅವನನ್ನು ಕಳಿಸಿ ಅಂತ ಅವರಿಗೆ ಹೇಳಿ."

ಆದುದರಿಂದ ಸಂಘಟಕರೇ, ನಾಳೆ ಬಾಗಿಲು ತೆರೆಯುವ ಮೊದಲು ಆ ಯುವಕನನ್ನು ಫೋಟೋದ ಸಾಲಿನಿಂದಲೂ ಸಭಾಂಗಣದಿಂದಲೂ ಹೊರಗೆ ಕಳುಹಿಸಿ. ದೂರಿನ ಮೇಜಿನಲ್ಲಿ ನಿಮ್ಮ ಸಂಬಂಧಿಕರಲ್ಲದ ಇಬ್ಬರು ಮಹಿಳೆಯರನ್ನು ಕೂರಿಸಿ. ಎರಡನ್ನೂ ಮಾಡಿದ್ದೇವೆಂದು ಶ್ರಾವ್ಯಳಿಗೆ ನೀವೇ ಫೋನ್ ಮಾಡಿ ತಿಳಿಸಿ. ಕಡಬದಿಂದ ಮೊದಲ ಬಸ್ಸು ಹೊರಡುವ ಮುನ್ನ ಆ ಫೋನ್ ಬರಬೇಕು.