ಮಾವನಿಗೆ ಓದಿ ಹೇಳುವ ಪುಟ

ಸುಳ್ಯದ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಭವಿತಾ ಅಂಗಡಿ, ಸೊಸೈಟಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ. ಮನೆ ಜಾಲ್ಸೂರು. ಅವಳ ಮಾವ ಮೇದಪ್ಪನವರಿಗೆ ಓದುವ ಹುಚ್ಚು. ಬೆಟ್ಟಂಪಾಡಿಯ ವಸುಮತಿ ಎಂಬವರು ಹಕ್ಕಿ, ಗಿಡ, ನೆರೆಕರೆಯ ವಿಷಯ ಅಂತ ತಮ್ಮ ವೆಬ್‌ಸೈಟಿನಲ್ಲಿ ದಿನಾ ಏನಾದರೊಂದು ಬರೆಯುತ್ತಾರೆ. ಬೆಳಗಿನ ಕಾಫಿಯ ಜೊತೆ ಮಾವನಿಗೆ ಅದು ಬೇಕೇ ಬೇಕು. ಗ್ಲಾಕೋಮಾದಿಂದ ದೃಷ್ಟಿ ಹೋದ ಮೇಲೆ ಭವಿತಾ ಓದಿ ಹೇಳತೊಡಗಿದಳು. ಆದರೆ ಅವಳು ಕೆಲಸಕ್ಕೆ ಹೊರಡುವ ಗಡಿಬಿಡಿ ಕೇಳಿಸಿದರೆ ಸಾಕು, "ಇವತ್ತು ಬೇಡ ಮಗಾ, ನನಗೇ ಮನಸ್ಸಿಲ್ಲ" ಎನ್ನುತ್ತಿದ್ದರು. ಅದು ಸುಳ್ಳೆಂದು ಅವಳಿಗೆ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಮಾವನ ಮೊಬೈಲಿಗೆಂದೇ ಒಂದು ಪುಟ ಮಾಡಿದಳು. ಪರದೆಯ ಮೇಲೆ ಎಲ್ಲಿ ಮುಟ್ಟಿದರೂ ಪುಟದೊಳಗಿನ ಸ್ಕ್ರಿಪ್ಟ್, ಅಂದರೆ ಅವಳು ಬರೆದ ಪುಟ್ಟ ಪ್ರೋಗ್ರಾಂ, ವಸುಮತಿಯವರ ಸೈಟಿನಿಂದ ಅವತ್ತಿನ ಬರಹ ತಂದು ಗಟ್ಟಿಯಾಗಿ ಓದಬೇಕು. ಪರೀಕ್ಷೆಗೆಂದು ಅವಳೇ ಬರೆದಿಟ್ಟ ನಾಲ್ಕು ಸಾಲನ್ನು ಅದು ಚೆನ್ನಾಗಿಯೇ ಓದಿತು. ವಸುಮತಿಯವರ ಸೈಟಿನ ವಿಳಾಸ ಕೊಟ್ಟಾಗ ಮಾತ್ರ ಮೌನ. ಇನ್ನೊಬ್ಬರ ಸೈಟಿನ ಬರಹವನ್ನು ಆ ಸೈಟು ಒಪ್ಪದೆ ಬ್ರೌಸರ್ ಸ್ಕ್ರಿಪ್ಟಿಗೆ ಕೊಡುವುದಿಲ್ಲ. ನಡುವೆ ಬೇರೊಂದು ಸರ್ವರ್ ಇಟ್ಟು ಎಳೆದು ತರುವ ದಾರಿ ಅವಳಿಗೆ ಗೊತ್ತಿತ್ತು. ಆದರೆ ಕೇಳದೆ ತರುವುದು ಸರಿ ಕಾಣಲಿಲ್ಲ. ಸೈಟಿನಲ್ಲಿದ್ದ ನಂಬರಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಅದಕ್ಕೆ ಕೇಳುದು ಎಂತ ಉಂಟು ಮಾರಾಯ್ತಿ, ತಕ್ಕೊಳ್ಳಿ" ಎಂದರು ವಸುಮತಿ.

"ನನಗೆ ಹೇಳಿದ್ರೆ ಸಾಲದು ಅಕ್ಕ, ನಿಮ್ಮ ಸರ್ವರ್ ಬ್ರೌಸರಿಗೆ ಹೇಳ್ಬೇಕು. ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸ್ಲಿಕ್ಕೆ ಉಂಟು."

"ಅಯ್ಯೋ, ನನಗೆ ಅದನ್ನೆಲ್ಲ ಮುಟ್ಲಿಕ್ಕೆ ಹೆದರಿಕೆ. ನೀವು ಹೇಳ್ತಾ ಹೋಗಿ, ನಾನು ಒತ್ತುತ್ತಾ ಹೋಗ್ತೇನೆ."

ಒತ್ತುವಾಗ ಎಲ್ಲೋ ಒಂದು ಚಿಹ್ನೆ ತಪ್ಪಿ ಇಡೀ ಸೈಟೇ ಮಾಯವಾಯಿತು. ಅತ್ತ ಕಡೆಯಿಂದ ಅಳುವ ದನಿ. ಭವಿತಾ ಫೋನು ಇಡಲಿಲ್ಲ. ಅಕ್ಷರ ಅಕ್ಷರವಾಗಿ ಓದಿಸಿ ತಪ್ಪು ಹುಡುಕಿ ಸರಿಮಾಡುವಷ್ಟರಲ್ಲಿ ಇಬ್ಬರೂ ಗೆಳತಿಯರಾಗಿದ್ದರು.

ಮರುದಿನ ಬೆಳಿಗ್ಗೆ ಮೇದಪ್ಪನವರು ಬೆರಳು ಇಟ್ಟರು. ಮೊಬೈಲು ಓದಿತು, ಊರ ಹೆಸರುಗಳನ್ನೆಲ್ಲ ಸೊಟ್ಟಗೆ ಮಾಡಿಕೊಂಡು. ಮಾವ ಬಿದ್ದು ಬಿದ್ದು ನಕ್ಕು, ಮುಗಿದ ಕೂಡಲೇ ಮತ್ತೆ ಮುಟ್ಟಿದರು. ಬಾಗಿಲ ಸಂದಿನಲ್ಲಿ ನಿಂತಿದ್ದ ಭವಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದರೆ ಮಗಾ," ಎಂದರು ಮಾವ, "ಕೆಳಗಿನ ಚಿತ್ರ ನೋಡಿ ಅಂತ ಹೇಳ್ತದಲ್ಲ. ಚಿತ್ರದಲ್ಲಿ ಎಂತ ಉಂಟು?"

ಭವಿತಾ ಇದನ್ನು ವಸುಮತಿಯವರಿಗೆ ತಿಳಿಸಿದಳು. ಅವರು "ನನಗೆ ಹೊಳೆಯಲೇ ಇಲ್ಲ ನೋಡಿ" ಎಂದರು. ಅಲ್ಲಿಂದ ಮುಂದೆ ಪ್ರತಿ ಚಿತ್ರದ ಕೆಳಗೂ ಅದರಲ್ಲಿ ಏನಿದೆಯೆಂದು ಬರೆಯತೊಡಗಿದರು.

ಈಗ ಸಂಜೆ ಭವಿತಾ ಮನೆಗೆ ಬಂದರೆ ಮಾವ ಜಗಲಿಯಿಂದಲೇ ಕರೆಯುತ್ತಾರೆ. "ಇವತ್ತಿನ ಚಿತ್ರ ನೋಡಿದ್ಯಾ?"

"ಇಲ್ಲ ಮಾವ, ಪುರುಸೊತ್ತೇ ಆಗ್ಲಿಲ್ಲ."

"ಕೂತ್ಕೋ, ಹೇಳ್ತೇನೆ. ದಾಸವಾಳದ ಗೆಲ್ಲಿನಲ್ಲಿ ಒಂದು ಗೂಡು ಉಂಟು. ಒಳಗೆ ಮೂರು ಮರಿ. ಒಂದರ ಬಾಯಿ ಮಾತ್ರ ತೆರೆದಿದೆ…"