ಅನ್ನಪ್ರಾಶನಕ್ಕೆ ಮುಂಚಿನ ಡಬ್ಬಿ

ಎಳೆ ಮಕ್ಕಳ ಕಕ್ಕ ಸಾಗಿಸುವುದು ನನ್ನ ಕೆಲಸ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಸುತ್ತಿ, ಮನೆಗಳಿಂದ ಡಬ್ಬಿ ಎತ್ತಿಕೊಂಡು, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕೊಡಬೇಕು. ಏನು ಕೆಲಸ ಅಂತ ಯಾರಾದರೂ ಕೇಳಿದರೆ ಡೆಲಿವರಿ ಅನ್ನುತ್ತೇನೆ.

ಎದೆಹಾಲು ಕುಡಿಯುವ ಮಗುವಿನ ಹೊಟ್ಟೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವಂತೆ. ಅವುಗಳಲ್ಲಿ ಕೆಲವು, ಭೇದಿ ತರಿಸುವ ಕ್ರಿಮಿಯನ್ನೇ ಬೆಳೆಯಲು ಬಿಡುವುದಿಲ್ಲವಂತೆ. ಲ್ಯಾಬಿನ ಮೇಡಂ ಒಮ್ಮೆ ಗಾಜಿನ ತಟ್ಟೆ ತೋರಿಸಿದ್ದರು. ತಟ್ಟೆ ತುಂಬ ಕೆಟ್ಟ ಕ್ರಿಮಿ ಮಬ್ಬಾಗಿ ಹರಡಿತ್ತು. ಒಂದು ಚುಕ್ಕೆಯ ಸುತ್ತ ಮಾತ್ರ ಉಂಗುರದಷ್ಟು ಜಾಗ ಖಾಲಿ. ಆ ಚುಕ್ಕೆ ಬಸವನಗುಡಿಯ ಒಂದು ಗಂಡು ಮಗುವಿನ ಡಬ್ಬಿಯಿಂದ ಬಂದ ಬ್ಯಾಕ್ಟೀರಿಯಾ. ಬೇರೆ ಯಾವ ಮಗುವಿನದೂ ಹಾಗೆ ಮಾಡಿರಲಿಲ್ಲ. ಆಮೇಲೆ ಲ್ಯಾಬಿನ ಫ್ರಿಜ್ ಕೆಟ್ಟು ಆ ಬ್ಯಾಕ್ಟೀರಿಯಾ ಸತ್ತುಹೋಯಿತು.

ಅದೇ ಮಗುವಿನಿಂದ ಮತ್ತೆ ತರಬೇಕಿತ್ತು. ಆದರೆ ಮನೆಯವರು ಅನ್ನಪ್ರಾಶನ ಇಟ್ಟುಕೊಂಡಿದ್ದರು. ಅನ್ನ ಶುರುವಾದರೆ ಹೊಟ್ಟೆಯೊಳಗಿನದೆಲ್ಲ ಬದಲಾಗುತ್ತದೆ, ಅದಕ್ಕೆ ಮುಂಚೆ ಬೇಕೇ ಬೇಕು ಎಂದು ಮೇಡಂ ಹೇಳಿದ್ದರು. ಹಿಂದಿನ ದಿನವೇ ಖಾಲಿ ಡಬ್ಬಿ ಕೊಟ್ಟು ಬಂದಿದ್ದೆ.

ಅನ್ನಪ್ರಾಶನದ ಬೆಳಿಗ್ಗೆ ಹೋದರೆ ಮಗುವಿನ ಅಜ್ಜಿ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಕೈಗೆ ತಗೊಂಡ ಕೂಡಲೇ ಫಿನಾಯಿಲ್ ವಾಸನೆ ಹೊಡೆಯಿತು.

"ಒಳಗೇನ್ ಹಾಕಿದೀರಾ ಅಜ್ಜಿ?"

"ಒಂದ್ ಮುಚ್ಚಳ ಫಿನಾಯಿಲ್. ಶುಭದ ದಿನ ಆ ಗಲೀಜನ್ನ ಹಂಗೇ ಕೊಡಕ್ಕಾಗತ್ತೇನಪ್ಪಾ? ದಾರೀಲಿ ನಿಂಗೂ ವಾಸನೆ ಬರಲ್ಲ."

ಬ್ಯಾಕ್ಟೀರಿಯಾ ಎಲ್ಲ ಸತ್ತಿವೆ ಅಂದೆ. ಸಾಯಲಿ ಅಂತಲೇ ಹಾಕಿದ್ದು ಅಂದರು. ಬದುಕಿರುವುದೇ ಬೇಕು ಅಂತ ಬಿಡಿಸಿ ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ಮುಹೂರ್ತಕ್ಕೆ ಇನ್ನೂ ಹೊತ್ತಿದೆ, ಕೂತಿರು, ಮಗು ಮತ್ತೆ ಮಾಡಿದರೆ ಕೊಡುತ್ತೇನೆ ಅಂದರು. ಪೆಟ್ಟಿಗೆಯಲ್ಲಿ ಇನ್ನೊಂದು ಡಬ್ಬಿ ಇತ್ತು. ಕೂತೆ.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನೆಂಟರು ಬಂದರು, ಪುರೋಹಿತರು ಬಂದರು. ನಾನು ಜಗಲಿಯಲ್ಲಿ ಚಪ್ಪಲಿಗಳ ಪಕ್ಕ ಕೂತೇ ಇದ್ದೆ. ಮಗುವಿನ ಸೋದರಮಾವ ಕಾಫಿ ತಂದುಕೊಟ್ಟ.

"ಏನ್ ಗುರು, ನಾವೆಲ್ಲ ಊಟಕ್ಕೆ ಕಾಯ್ತಿದೀವಿ, ನೀನು ಅದಕ್ಕೆ ಕಾಯ್ತಿದೀಯಾ?"

ನಗಲು ಶಕ್ತಿ ಇರಲಿಲ್ಲ. ಹೂಂ ಅಂದೆ.

ಮಗು ಏನೂ ಮಾಡಲಿಲ್ಲ. ಅಜ್ಜಿ ಅದರ ಹೊಟ್ಟೆ ನೀವಿದರು, ಕಾಲ ಮೇಲೆ ಕೂರಿಸಿಕೊಂಡು ಉಸ್ ಉಸ್ ಅಂದರು. ಪುರೋಹಿತರಿಗೆ ಮಲ್ಲೇಶ್ವರದಲ್ಲಿ ಇನ್ನೊಂದು ಮನೆಯ ಪೂಜೆ ಇತ್ತು, ಅವಸರ ಮಾಡಿದರು. ಅಜ್ಜಿ ಐದು ನಿಮಿಷ ತಡೆಯಿರಿ ಅಂತ ಎರಡು ಸಲ ಕೇಳಿಕೊಂಡರು. ಮೂರನೇ ಸಲ ಕೇಳಲಿಲ್ಲ. ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಿ ನಾಲಿಗೆಗೆ ಪಾಯಸ ಮುಟ್ಟಿಸಿದರು. ನಾನು ಪೆಟ್ಟಿಗೆ ಮುಚ್ಚಿ ಎದ್ದು ನಿಂತೆ.

ಆಗ ಒಳಗೆ ಗದ್ದಲವಾಯಿತು. ಮಗು ಮಾವನ ರೇಷ್ಮೆ ಪಂಚೆಯ ಮೇಲೆಯೇ ಮಾಡಿಬಿಟ್ಟಿತ್ತು. ಅಜ್ಜಿ ಯಾರ ಮುಖವನ್ನೂ ನೋಡದೆ ನನ್ನನ್ನು ಒಳಗೆ ಕರೆದರು. ಲಂಗೋಟಿಯೊಳಗೆ ಇನ್ನೂ ಇತ್ತು. ಮೇಡಂಗೆ ಫೋನ್ ಮಾಡಿದೆ.

"ಸಿಕ್ತು ಮೇಡಂ. ಆದ್ರೆ ಪಾಯಸ ತಿಂದ್ಬಿಟ್ಟಿದೆ."

"ಎಷ್ಟೊತ್ತಾಯ್ತು?"

"ಇನ್ನೂ ಬಾಯಲ್ಲೇ ಇದೆ."

"ಅದು ಇಷ್ಟ್ ಬೇಗ ಕೆಳಗೆ ಬರಲ್ಲ. ಬಟ್ಟೆಗೆ ತಾಗದೆ ಇರೋದು ಮೇಲಿಂದ ತಗೊಳ್ಳಿ. ಬಂದ್ಬಿಡಿ."

ಹಾಗೇ ತೆಗೆದು ಡಬ್ಬಿಗೆ ಹಾಕಿಕೊಂಡೆ. ಊಟ ಮಾಡಿ ಹೋಗು ಅಂದರು ಅಜ್ಜಿ. ಐಸ್ ಕರಗುತ್ತಿತ್ತು, ಹೊರಟೆ. ಮಾರ್ಕೆಟ್ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡು, ಬಿಸಿಲಲ್ಲಿ ಬೆನ್ನೆಲ್ಲ ಒದ್ದೆಯಾಗಿ ಲ್ಯಾಬ್ ಮುಟ್ಟಿದೆ.

ಮುಂದಿನ ವಾರ ಬೇರೆ ಡಬ್ಬಿ ಕೊಡಲು ಹೋದಾಗ ಮೇಡಂ ಆ ಮಗುವಿನ ಹೊಸ ತಟ್ಟೆಯನ್ನು ಬೆಳಕಿಗೆ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ಹೋಗಿ ಬಗ್ಗಿ ನೋಡಿದೆ. ಉಂಗುರ ಇತ್ತು, ಮೊದಲಿನದಕ್ಕಿಂತ ಸ್ವಲ್ಪ ಚಿಕ್ಕದು. ಈ ಸಲ ಎರಡು ಫ್ರಿಜ್‌ಗಳಲ್ಲಿ ಇಡುತ್ತೇನೆ ಅಂದರು. ಒಳ್ಳೇದು ಮೇಡಂ ಅಂದೆ. ಚಾಮರಾಜಪೇಟೆಯ ಒಂದು ಮನೆ ಬಾಕಿ ಇತ್ತು, ಮೆಟ್ಟಿಲಿಳಿದು ಹೋದೆ.